ಮಾನವ ಸಂಪನ್ಮೂಲ ನಿರ್ವಹಣೆ: ಹಾಜರಿ ಪುಸ್ತಕದಾಚೆಗೆ ಏನಿದೆ?

ಒಂದು ಸಂಸ್ಥೆ ನಡೆಯಲು ಕಟ್ಟಡ ಬೇಕು, ಹಣ ಬೇಕು, ಸಲಕರಣೆಗಳು ಬೇಕು. ಆದರೆ ಇವೆಲ್ಲವನ್ನೂ ಬಳಸಿ ಕೆಲಸ ಮಾಡುವವರು ಮನುಷ್ಯರು. ಸರಿಯಾದವರನ್ನು ಆರಿಸುವುದು, ತರಬೇತಿ ಕೊಡುವುದು, ನ್ಯಾಯವಾದ ವೇತನ ನೀಡುವುದು, ದೂರುಗಳನ್ನು ಆಲಿಸುವುದು, ಕೊನೆಗೆ ಗೌರವದಿಂದ ಬೀಳ್ಕೊಡುವುದು - ಇವೆಲ್ಲವೂ ಸೇರಿದರೆ ಮಾನವ ಸಂಪನ್ಮೂಲ ನಿರ್ವಹಣೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಎಚ್.ಆರ್. ವಿಭಾಗವಿರುತ್ತದೆ. ಇಪ್ಪತ್ತು ಮೂವತ್ತು ಮಂದಿ ದುಡಿಯುವ ನಮ್ಮ ಶಾಲೆ, ಆಸ್ಪತ್ರೆ, ಸಹಕಾರಿ ಸಂಘಗಳಲ್ಲಿ ಮಾತ್ರ "ಅದೆಲ್ಲ ದೊಡ್ಡವರಿಗೆ" ಎಂಬ ಭಾವನೆ ಇದೆ. ಇದು ಸರಿಯೇ?

ಬೆಳೆದು ಬಂದ ದಾರಿ

ನಮ್ಮ ದೇಶದಲ್ಲಿ ಈ ವಿಷಯ ಬೆಳೆದದ್ದು ಕಾರ್ಮಿಕರ ಕಲ್ಯಾಣದ ಕಾಳಜಿಯಿಂದ. ಜಮ್ಶೇಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ 1912ರಲ್ಲಿ ದಿನಕ್ಕೆ ಎಂಟು ಗಂಟೆಗಳ ದುಡಿಮೆಯನ್ನೂ 1920ರಲ್ಲಿ ವೇತನಸಹಿತ ರಜೆ ಮತ್ತು ಭವಿಷ್ಯನಿಧಿಯನ್ನೂ ಜಾರಿಗೆ ತಂದಿತು. ಭವಿಷ್ಯನಿಧಿಯ ಕಾಯ್ದೆ ಬಂದದ್ದು 1952ರಲ್ಲಿ. 1948ರ ಕಾರ್ಖಾನೆಗಳ ಕಾಯ್ದೆ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣ ಅಧಿಕಾರಿ ಇರಲೇಬೇಕೆಂದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಈ ಸಂಖ್ಯೆಯನ್ನು 250ಕ್ಕೆ ಇಳಿಸಿವೆ.

ಜಮ್ಶೇಡ್‌ಪುರದಲ್ಲೇ 1949ರಲ್ಲಿ ಯೇಸುಸಭೆಯ ಗುರುಗಳು ಎಕ್ಸ್‌ಎಲ್‌ಆರ್‌ಐ ಆರಂಭಿಸಿ ಕಾರ್ಮಿಕ ಸಂಬಂಧಗಳನ್ನು ಕಲಿಸತೊಡಗಿದರು. ಮಂಗಳೂರಿನಲ್ಲಿ 1960ರಲ್ಲಿ ಆರಂಭವಾದ ರೋಶನಿ ನಿಲಯ ಸಮಾಜಕಾರ್ಯದ ಜೊತೆಗೆ ಈ ವಿಷಯವನ್ನೂ ಕಲಿಸುತ್ತಾ ಬಂದಿದೆ.

ಮುಖ್ಯ ಹೊಣೆಗಳು

ಮೊದಲನೆಯದು ನೇಮಕಾತಿ. ಯಾವ ಕೆಲಸಕ್ಕೆ ಎಂತಹವರು ಬೇಕೆಂದು ಮೊದಲೇ ಬರೆದಿಟ್ಟುಕೊಂಡರೆ ಶಿಫಾರಸಿನ ಒತ್ತಡ ಕಡಿಮೆಯಾಗುತ್ತದೆ. ಎರಡನೆಯದು ತರಬೇತಿ. ಹೊಸಬರಿಗೆ ಮೊದಲ ತಿಂಗಳು ಜೊತೆಗಿದ್ದು ಕಲಿಸುವವರು ಬೇಕು. ಮೂರನೆಯದು ಮೌಲ್ಯಮಾಪನ. ವರ್ಷಕ್ಕೊಮ್ಮೆ ಎದುರು ಕೂತು ಒಳ್ಳೆಯದನ್ನೂ ತಿದ್ದಬೇಕಾದ್ದನ್ನೂ ಹೇಳಬೇಕು. ತಪ್ಪಾದಾಗ ಮಾತ್ರ ಕರೆಸಿ ಗದರಿಸುವುದು ಮೌಲ್ಯಮಾಪನವಲ್ಲ. ನಾಲ್ಕನೆಯದು ದೂರುಗಳ ಪರಿಹಾರ. ದೂರು ಯಾರ ಮೇಲಿದೆಯೋ ಅವರ ಕೈಗೇ ಅದು ಹೋಗುವಂತಿದ್ದರೆ ಯಾರೂ ಬಾಯಿ ಬಿಡಲಾರರು. ಹತ್ತು ಅಥವಾ ಹೆಚ್ಚು ಮಂದಿ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ.

ಬಾಯಿಮಾತು ಸಾಲದು

ನಮ್ಮ ಸಂಸ್ಥೆಗಳಿಗೆ ವಿಶೇಷವಾದ ಒಂದು ಸಮಸ್ಯೆ ಇದೆ. ಇಲ್ಲಿ ಮುಖ್ಯಸ್ಥರು ಕೆಲವು ವರ್ಷಗಳಿಗೊಮ್ಮೆ ವರ್ಗವಾಗುತ್ತಾರೆ. ಸಿಬ್ಬಂದಿ ಅಲ್ಲೇ ಉಳಿಯುತ್ತಾರೆ. "ನೀವು ಮನೆಯವರಂತೆ, ಮುಂದೆ ನೋಡಿಕೊಳ್ಳೋಣ" ಎಂದು ಒಬ್ಬರು ಪ್ರಾಮಾಣಿಕವಾಗಿಯೇ ಹೇಳಿರುತ್ತಾರೆ. ಅವರ ನಂತರ ಬಂದವರಿಗೆ ಆ ಮಾತು ಗೊತ್ತಿರುವುದಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದ ಟೀಚರಮ್ಮ ನಿವೃತ್ತಿಯ ದಿನ ಕೈಯಲ್ಲೊಂದು ಶಾಲು, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಹೋಗುತ್ತಾರೆ. ಎಂದು ಸೇರಿದರು ಎಂಬುದಕ್ಕೂ ದಾಖಲೆ ಇರುವುದಿಲ್ಲ. ಇಲ್ಲಿ ಯಾರೂ ಕೆಟ್ಟವರಲ್ಲ, ಆದರೂ ಅನ್ಯಾಯ ನಡೆದುಹೋಗಿದೆ.

ಗ್ರಾಚ್ಯುಯಿಟಿ ಎಂಬುದು ದಾನವಲ್ಲ, ಹಕ್ಕು. ಸಾಮಾನ್ಯವಾಗಿ ಐದು ವರ್ಷಗಳ ಸತತ ಸೇವೆ ಮುಗಿಸಿದವರಿಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನದ ಲೆಕ್ಕದಲ್ಲಿ ಇದು ಸಲ್ಲಬೇಕು. ಖಾಸಗಿ ಶಾಲಾ ಶಿಕ್ಷಕರಿಗೂ ಇದು 1997ರ ಏಪ್ರಿಲ್ 3ರಿಂದಲೇ ಅನ್ವಯವೆಂದು 2009ರ ತಿದ್ದುಪಡಿ ಹೇಳಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಏನು ಮಾಡಬಹುದು?

ಸಣ್ಣ ಸಂಸ್ಥೆಗೆ ಪ್ರತ್ಯೇಕ ಅಧಿಕಾರಿ ಬೇಕಾಗಿಲ್ಲ. ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ, ಸೇವಾ ಪುಸ್ತಕ, ವೇತನ ಚೀಟಿ ಇರಲಿ. ರಜೆಯ ನಿಯಮ ಎಲ್ಲರಿಗೂ ಒಂದೇ ಆಗಿ, ಬರಹದಲ್ಲಿರಲಿ. ಗ್ರಾಚ್ಯುಯಿಟಿಗಾಗಿ ವರ್ಷವರ್ಷವೂ ಹಣ ತೆಗೆದಿಡಿ. ಮುಖ್ಯಸ್ಥರು ಬದಲಾಗುವಾಗ ಬೀಗದಕೈ, ಬ್ಯಾಂಕ್ ಪುಸ್ತಕಗಳೊಂದಿಗೆ ಸಿಬ್ಬಂದಿಯ ಕಡತಗಳನ್ನೂ ಲೆಕ್ಕಹಾಕಿ ಹಸ್ತಾಂತರಿಸಲಿ.

ಸಿಬ್ಬಂದಿಯ ಬಗ್ಗೆ ನಮಗೆ ನಿಜವಾದ ಪ್ರೀತಿ ಇದ್ದರೆ ಅದು ಬೀಳ್ಕೊಡುಗೆಯ ಭಾಷಣದಲ್ಲಿ ಮಾತ್ರವಲ್ಲ, ಕಚೇರಿಯ ಕಪಾಟಿನ ಕಡತದಲ್ಲೂ ಕಾಣಬೇಕು.