ಬುಲ್‌ಡಾಗಿನ ಗೊರಕೆ

ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿಗಳನ್ನು ಛೂಬಿಡುವ ಕ್ರೂರ ವಿನೋದವು 1835ರಲ್ಲಿ ಇಂಗ್ಲೆಂಡಿನಲ್ಲಿ ನಿಷಿದ್ಧವಾದ ತರುವಾಯ, ಬುಲ್‌ಡಾಗನ್ನು ಪ್ರದರ್ಶನದ ಚೆಲುವಿಗಾಗಿ ಆಯ್ದು ಬೆಳೆಸಿದವರು ಅದರ ಮೋರೆಯನ್ನು ಮೊಟಕುಗೊಳಿಸಿದರೇ ಹೊರತು, ಒಳಗಿನ ಮೆತ್ತನೆಯ ಅಂಗುಳನ್ನು ತಕ್ಕಷ್ಟು ಕುಗ್ಗಿಸಲಾರದೆ ಹೋದರು. ಆದುದರಿಂದ ನಾವು ಮುದ್ದೆಂದು ನಗುವ ಆ ಗೊರಕೆಯು, ವಸ್ತುತಃ, ಸಂಕುಚಿತ ನಾಸಾರಂಧ್ರಗಳನ್ನೂ ಆ ಅಂಗುಳನ್ನೂ ದಾಟಿ ಬರಬೇಕಾದ ವಾಯುವಿಗಾಗಿ ನಡೆವ ಹೋರಾಟ. ತೇಕುತ್ತಲೇ ಮೈ ತಂಪುಮಾಡಿಕೊಳ್ಳಬೇಕಾದ ಈ ಪ್ರಾಣಿಗೆ ಬೇಸಗೆಯ ನಡುಹಗಲಿನ ನಡಿಗೆಯು ಪ್ರಾಣಾಂತಿಕವೂ ಆಗಬಲ್ಲುದು. ಮುಖದ ಸುಕ್ಕುಗಳಲ್ಲಿ ತೇವ ನಿಂತು ಚರ್ಮ ಕೆಂಪಾಗಿ ನಾರುವುದುಂಟು, ಒರೆಸಿ ಒಣಗಿಸುತ್ತಿರಬೇಕು. ಇನ್ನು ಅಲರ್ಜಿ: ಧೂಳಿನ ನುಸಿ, ಪರಾಗ, ಚಿಗಟದ ಕಡಿತ, ಕೆಲವೊಮ್ಮೆ ನಾವು ಅಕ್ಕರೆಯಿಂದ ಬಡಿಸುವ ಕೋಳಿಮಾಂಸವೇ ಕಾರಣವಾಗಿ, ನಾಯಿಯು ಪಾದಗಳನ್ನು ಎಡೆಬಿಡದೆ ನೆಕ್ಕಿ ಬೆರಳಸಂದಿಯ ಬಿಳಿಯ ರೋಮವನ್ನು ಕಂದುಗೆಂಪಾಗಿಸಿಕೊಂಡಿದ್ದರೆ, ಅಂಗಡಿಯ ಮುಲಾಮಿಗೆ ಕೈಹಾಕುವ ಮುನ್ನ ಪಶುವೈದ್ಯರನ್ನು ಕಾಣುವುದು ಲೇಸು.