ಅಂಚಿನ ಗಣಕಕ್ಕೆ ಅಳತೆ ಮೀರಿದ ಹೊರೆ

ಕಾರ್ಖಾನೆಯ ಯಂತ್ರಗಳಿಂದ, ಶೈತ್ಯಾಗಾರದ ತಾಪಮಾಪಕಗಳಿಂದ, ಹೆದ್ದಾರಿಯ ಟೋಲ್ ಗೇಟುಗಳಿಂದ ಹೊರಡುವ ಮಾಹಿತಿಯನ್ನೆಲ್ಲ ದೂರದ ದತ್ತಾಂಶ ಕೇಂದ್ರಕ್ಕೆ ಕಳುಹಿಸಿ, ಅಲ್ಲಿಂದ ಆದೇಶ ಬರುವವರೆಗೆ ಕಾಯುವುದು ಎಲ್ಲ ಉದ್ಯಮಗಳಿಗೂ ಸಾಧ್ಯವಿಲ್ಲ. ಸಂಪರ್ಕ ಕಡಿದುಹೋದ ಹೊತ್ತಿನಲ್ಲಿಯೂ ಕೆಲಸ ನಡೆಯಬೇಕಾಗುತ್ತದೆ. ಆದ್ದರಿಂದ ಮಾಹಿತಿ ಹುಟ್ಟುವ ಸ್ಥಳದಲ್ಲಿಯೇ ಚಿಕ್ಕ ಗಣಕವೊಂದನ್ನಿರಿಸಿ ಲೆಕ್ಕಾಚಾರವನ್ನು ಅಲ್ಲಿಯೇ ಮುಗಿಸುವ ವ್ಯವಸ್ಥೆ ಬಳಕೆಗೆ ಬಂದಿತು. ಎಡ್ಜ್ ಕಂಪ್ಯೂಟಿಂಗ್, ಅಂದರೆ ಜಾಲದ ಅಂಚಿನ ಗಣನೆ, ಎಂಬುದು ಇದರ ಹೆಸರು.

ಬೇರೆ ಬೇರೆ ಊರುಗಳಲ್ಲಿ ಹರಡಿಕೊಂಡಿರುವ ಇಂತಹ ನೂರಾರು ಗಣಕಗಳನ್ನು ಒಂದೇ ಕಡೆಯಿಂದ ನಿರ್ವಹಿಸಲು ರೂಪುಗೊಂಡ ಮುಕ್ತ ತಂತ್ರಾಂಶಗಳಲ್ಲಿ ಕ್ಯೂಬ್‌ಎಡ್ಜ್ ಪ್ರಮುಖವಾದುದು. ಗೂಗಲ್ ಸಂಸ್ಥೆ 2014ರಲ್ಲಿ ಮುಕ್ತಗೊಳಿಸಿದ ಕುಬರ್ನೆಟೀಸ್ ತಂತ್ರಾಂಶವನ್ನು ಆಧಾರವಾಗಿಟ್ಟುಕೊಂಡು ಚೀನಾದ ಹುವಾವೇ ಸಂಸ್ಥೆ ಇದನ್ನು ಸಿದ್ಧಪಡಿಸಿ 2018ರಲ್ಲಿ ಸಾರ್ವಜನಿಕರ ಮುಂದಿರಿಸಿತು. 2019ರಲ್ಲಿ ಇದು ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ನಿನ ಆಶ್ರಯಕ್ಕೆ ಬಂದಿತು. 2024ರಲ್ಲಿ ಅಲ್ಲಿಯ ಅತ್ಯುನ್ನತ ದರ್ಜೆಯನ್ನು ಪಡೆಯಿತು. ಚೀನಾದ ಹೆದ್ದಾರಿ ಸುಂಕ ವಸೂಲಿ ವ್ಯವಸ್ಥೆಯಲ್ಲಿ ಸುಮಾರು 1 ಲಕ್ಷ ಅಂಚಿನ ಗಣಕಗಳನ್ನು ಇದರಿಂದಲೇ ನಿರ್ವಹಿಸಲಾಗುತ್ತಿದೆ ಎಂದು ಯೋಜನೆಯವರು ಹೇಳಿಕೊಂಡಿದ್ದಾರೆ. ಕೇಂದ್ರದಲ್ಲಿ ಕುಳಿತು ಆದೇಶ ನೀಡುವ ಭಾಗಕ್ಕೆ ಕ್ಲೌಡ್‌ಕೋರ್ ಎಂದೂ, ಸ್ಥಳದಲ್ಲಿದ್ದು ಕೆಲಸ ಮಾಡಿಸುವ ಭಾಗಕ್ಕೆ ಎಡ್ಜ್‌ಕೋರ್ ಎಂದೂ ಹೆಸರು.

ಈ ತಂತ್ರಾಂಶದ ಭದ್ರತಾ ಪರಿಶೋಧನೆಯನ್ನು 2022ರಲ್ಲಿ ಆಡಾ ಲಾಜಿಕ್ಸ್ ಎಂಬ ಸಂಸ್ಥೆ ನಡೆಸಿತು. ಆಗ ಹೊರಬಂದ ಲೋಪಗಳಲ್ಲಿ ಒಂದಕ್ಕೆ ಸಿವಿಇ-2022-31073 ಎಂಬ ಕ್ರಮಸಂಖ್ಯೆ ದೊರೆಯಿತು. ಲೋಪವಿದ್ದದ್ದು ಎಡ್ಜ್‌ಕೋರ್‌ನ ಸರ್ವಿಸ್‌ಬಸ್ ಎಂಬ ಉಪಾಂಗದಲ್ಲಿ. ಅದೇ ಗಣಕದಲ್ಲಿ ನಡೆಯುತ್ತಿರುವ ಇತರ ಅನ್ವಯಗಳಿಗೂ ಕೇಂದ್ರಕ್ಕೂ ನಡುವೆ ಸಂದೇಶಗಳನ್ನು ಸಾಗಿಸುವುದು ಇದರ ಕೆಲಸ. ಬಂದ ಸಂದೇಶದ ಗಾತ್ರವೆಷ್ಟೆಂದು ನೋಡದೆ ಇಡಿಯಾಗಿ ಸ್ಮರಣಕೋಶಕ್ಕೆ ತುಂಬಿಕೊಳ್ಳುತ್ತಿದ್ದುದೇ ಇದರ ದೋಷ.

ವ್ಯಾಪಾರಸ್ಥರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಗೋದಾಮಿನ ಬಾಗಿಲಲ್ಲಿರುವ ಗುಮಾಸ್ತನು ಲಾರಿಯ ತೂಕವನ್ನಾಗಲೀ ಒಳಗಿರುವ ಜಾಗವನ್ನಾಗಲೀ ನೋಡದೆ ಬಂದ ಮೂಟೆಗಳನ್ನೆಲ್ಲ ಒಳಗೆ ಹಾಕಿಸುತ್ತ ಹೋದರೆ, ಕೆಲವೇ ಗಂಟೆಗಳಲ್ಲಿ ಹಮಾಲರು ಓಡಾಡಲೂ ಸ್ಥಳವಿಲ್ಲದಂತಾಗುತ್ತದೆ. ಅಲ್ಲಿ ಕಳ್ಳತನವೇನೂ ಆಗಿರುವುದಿಲ್ಲ, ಬೀಗವೂ ಮುರಿದಿರುವುದಿಲ್ಲ. ಆದರೂ ಅಂದಿನ ವಹಿವಾಟು ನಿಂತುಹೋಗುತ್ತದೆ. ಗಣಕ ಭದ್ರತೆಯ ಪರಿಭಾಷೆಯಲ್ಲಿ ಇದಕ್ಕೆ ಸೇವಾ ನಿರಾಕರಣೆ ಎನ್ನುತ್ತಾರೆ.

ಸ್ಮರಣಕೋಶ ಬರಿದಾದಾಗ ಹಾನಿಯು ಸರ್ವಿಸ್‌ಬಸ್ಸಿಗಷ್ಟೇ ಸೀಮಿತವಾಗಿರುವುದಿಲ್ಲ. ಅದೇ ಪೆಟ್ಟಿಗೆಯಲ್ಲಿರುವ ಬೇರೆ ಅನ್ವಯಗಳಿಗೂ ಜಾಗ ಸಿಗದೆ ಅವು ಸ್ಥಗಿತಗೊಳ್ಳುತ್ತವೆ. ಲಿನಕ್ಸ್ ವ್ಯವಸ್ಥೆಯು ಇಂತಹ ಸಂದರ್ಭದಲ್ಲಿ ತನ್ನನ್ನು ಉಳಿಸಿಕೊಳ್ಳಲು ಯಾವುದಾದರೊಂದು ಕಾರ್ಯವನ್ನು ತಾನೇ ಕೊನೆಗೊಳಿಸುತ್ತದೆ; ಹಾಗೆ ಬಲಿಯಾಗುವುದು ತಪ್ಪು ಮಾಡಿದ ಅನ್ವಯವೇ ಆಗಿರಬೇಕೆಂದಿಲ್ಲ. ದೊಡ್ಡ ದತ್ತಾಂಶ ಕೇಂದ್ರದಲ್ಲಿ ಒಂದು ಯಂತ್ರ ಕುಸಿದರೆ ಮತ್ತೊಂದು ಆ ಕೆಲಸವನ್ನು ವಹಿಸಿಕೊಳ್ಳಬಹುದು. ಕಾರ್ಖಾನೆಯ ಮೂಲೆಯಲ್ಲಿರುವ ಪೆಟ್ಟಿಗೆಯಾದರೋ ಸಾಮಾನ್ಯವಾಗಿ ಒಂಟಿ. ಅದರ ಸ್ಮರಣಶಕ್ತಿಯೂ ಅಲ್ಪ.

ಹಾಗೆಂದು ಅಂತರಜಾಲದಲ್ಲಿರುವ ಯಾರು ಬೇಕಾದರೂ ಈ ಲೋಪವನ್ನು ಬಳಸಿಕೊಳ್ಳಬಹುದಿತ್ತೆಂದು ಭಾವಿಸುವುದು ಸರಿಯಲ್ಲ. ದಾಳಿ ನಡೆಸುವ ಅನ್ವಯವು ಅದೇ ಗಣಕದೊಳಗೆ ಸೇರಿಕೊಂಡಿರಬೇಕಿತ್ತು. ಸರ್ವಿಸ್‌ಬಸ್ ಚಾಲನೆಯಲ್ಲಿಯೂ ಇರಬೇಕಿತ್ತು. ಆದರೆ ಪುಕ್ಕಟೆಯಾಗಿ ಸಿಗುವ ಅನ್ವಯಗಳನ್ನು ಪರೀಕ್ಷಿಸದೆ ತಂದು ಅಳವಡಿಸುವ ಅಭ್ಯಾಸವಿರುವೆಡೆ ಮೊದಲನೆಯ ಷರತ್ತು ಅಷ್ಟೇನೂ ಕಠಿಣವಲ್ಲ. ಸಂದೇಶವನ್ನು ಮಿತಿಯಿಲ್ಲದೆ ಓದಿಕೊಳ್ಳುವ ಇದೇ ಬಗೆಯ ದೋಷವು ಕೇಂದ್ರ ಭಾಗವಾದ ಕ್ಲೌಡ್‌ಕೋರ್‌ನಲ್ಲಿಯೂ ಅದೇ ಪರಿಶೋಧನೆಯಲ್ಲಿ ಪತ್ತೆಯಾಯಿತು.

ದುರಸ್ತಿ ತಡವಾಗಲಿಲ್ಲ. 1.11.1, 1.10.2 ಮತ್ತು 1.9.4 ಆವೃತ್ತಿಗಳಲ್ಲಿ ಲೋಪವನ್ನು ಸರಿಪಡಿಸಲಾಯಿತು. ಲೋಪ, ಪರಿಹಾರ ಎರಡೂ ಎಲ್ಲರಿಗೂ ಕಾಣುವಂತೆ ಪ್ರಕಟವಾದುದು ಮುಕ್ತ ತಂತ್ರಾಂಶದ ಹಿರಿಮೆಯೆಂದೇ ಹೇಳಬೇಕು. ಆದರೆ ಹೀಗೆ ಪ್ರಕಟವಾದ ವಿವರವನ್ನು ಕಿಡಿಗೇಡಿಗಳೂ ಓದುತ್ತಾರೆ. ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡವರ ಅಪಾಯ ಆ ದಿನದಿಂದ ಹೆಚ್ಚುತ್ತದೆ.

ಉದ್ದಿಮೆದಾರರು ಗಮನಿಸಬೇಕಾದ ವ್ಯಾವಹಾರಿಕ ಅಂಶವಿರುವುದು ಇಲ್ಲಿಯೇ. ಕ್ಯೂಬ್‌ಎಡ್ಜ್ ದೊರೆಯುವುದು ಅಪಾಚೆ 2.0 ಪರವಾನಗಿಯಡಿ. ತಂತ್ರಾಂಶವನ್ನು ಇದ್ದುದು ಇದ್ದಂತೆಯೇ ನೀಡಲಾಗಿದೆ, ಯಾವುದೇ ಖಾತರಿಯಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ನಮೂದಾಗಿದೆ. ಉತ್ಪಾದನೆ ನಿಂತರೆ ನಷ್ಟ ಕೇಳಲು ಮೂಲ ತಯಾರಕರ ಬಳಿ ಹೋಗುವಂತಿಲ್ಲ. ವ್ಯವಸ್ಥೆಯನ್ನು ಅಳವಡಿಸಿಕೊಟ್ಟ ಗುತ್ತಿಗೆದಾರರೊಂದಿಗಿನ ವಾರ್ಷಿಕ ನಿರ್ವಹಣಾ ಕರಾರಿನಲ್ಲಿ ಯಂತ್ರಾಂಶದ ದುರಸ್ತಿಯಷ್ಟೇ ಇದ್ದು ಆವೃತ್ತಿ ನವೀಕರಣದ ಮಾತಿಲ್ಲದಿದ್ದರೆ, ಪುಕ್ಕಟೆಯಾಗಿ ಸಿದ್ಧವಿರುವ ಪರಿಹಾರ ಕಾರ್ಖಾನೆಯ ಪೆಟ್ಟಿಗೆಗೆ ತಲುಪುವುದೇ ಇಲ್ಲ. ಯಾವ ಆವೃತ್ತಿ ಅಳವಡಿಕೆಯಾಗಿದೆ, ಭದ್ರತಾ ಪ್ರಕಟಣೆಗಳನ್ನು ಯಾರು ಗಮನಿಸುತ್ತಾರೆ, ಪ್ರಕಟಣೆ ಬಂದ ಎಷ್ಟು ದಿನಗಳೊಳಗೆ ನವೀಕರಿಸುತ್ತಾರೆ ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳುವುದು ಲೇಸು.

ಭಾರತದಲ್ಲಿ ಕಾನೂನಿನ ಹೊಣೆಯೂ ಉಂಟು. ಸೇವಾ ನಿರಾಕರಣೆಯ ದಾಳಿಯೂ ಸೇರಿದಂತೆ ಪಟ್ಟಿ ಮಾಡಲಾದ ಘಟನೆಗಳನ್ನು ಅರಿವಿಗೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ, ಗಣಕ ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾಯ್ದಿಡಬೇಕೆಂದೂ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿತು. ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ನೀಡಿದ್ದ ಕಾಲಾವಕಾಶ ಅದೇ ವರ್ಷದ ಸೆಪ್ಟೆಂಬರ್ 25ಕ್ಕೆ ಮುಗಿಯಿತು.

ಹಳೆಯ ಆವೃತ್ತಿಯನ್ನು ಕೂಡಲೇ ಬದಲಿಸಲಾಗದವರಿಗೆ ಯೋಜನೆಯವರು ಸೂಚಿಸಿರುವ ತಾತ್ಕಾಲಿಕ ಮಾರ್ಗ ಸರಳವಾದುದು: ಎಡ್ಜ್‌ಕೋರ್‌ನ ಸಂರಚನಾ ಕಡತದಲ್ಲಿ ಸರ್ವಿಸ್‌ಬಸ್ ಅನ್ನು ನಿಷ್ಕ್ರಿಯಗೊಳಿಸುವುದು. ಇದನ್ನು ಮಾಡುವ ಮೊದಲು, ಸ್ಥಳದಲ್ಲಿರುವ ಯಾವ ಅನ್ವಯವೂ ಅದನ್ನು ಅವಲಂಬಿಸಿಲ್ಲವೆಂದು ಗುತ್ತಿಗೆದಾರರಿಂದ ಖಚಿತಪಡಿಸಿಕೊಳ್ಳಬೇಕು.