ಬೇಗ ಹುಟ್ಟಿದ ಮಗುವಿನ ಮೊದಲ ಹಲ್ಲು: ಲೆಕ್ಕ ಎಲ್ಲಿಂದ ಶುರು ಮಾಡಬೇಕು?

"ಒಂಬತ್ತು ತಿಂಗಳು ತುಂಬ್ತು, ಇನ್ನೂ ಒಂದು ಹಲ್ಲೂ ಇಲ್ವಲ್ಲ?"

ನನ್ನ ಅಕ್ಕನ ಮಗಳನ್ನು ನೋಡಲು ಬಂದವರೆಲ್ಲ ಕೇಳುತ್ತಿದ್ದ ಪ್ರಶ್ನೆ ಇದು. ಪ್ರಶ್ನೆಯ ಬೆನ್ನಿಗೇ ತೀರ್ಪು: ಹಾಲು ಸಾಲ್ತಿಲ್ಲ, ಬಸುರಿಯಾಗಿದ್ದಾಗ ಸರಿಯಾಗಿ ತಿಂದಿಲ್ಲ, ಆ ಸ್ಥಿತಿಯಲ್ಲೂ ಆಫೀಸಿಗೆ ಓಡಾಡಿದ್ದೇ ತಪ್ಪು. ಅಕ್ಕ ರಾತ್ರಿ ಮಗುವಿನ ವಸಡನ್ನು ಬೆರಳಲ್ಲಿ ಸವರಿ ಸವರಿ ನೋಡುತ್ತಿದ್ದಳು. ಒಂದಿನ ಫೋನ್ ಮಾಡಿ, "ನೀನಾದ್ರೂ ಓದಿ ಹೇಳೋ, ಇದು ನನ್ನಿಂದಾನೇ ಆಗಿದ್ದಾ?" ಅಂದಳು.

ಓದಿದೆ. ಉತ್ತರದ ಬಹುಪಾಲು ಒಂದು ಕಳೆಯುವ ಲೆಕ್ಕದಲ್ಲಿದೆ.

ಮಗು ಹುಟ್ಟಿದ್ದು 30ನೇ ವಾರಕ್ಕೆ. ಪೂರ್ಣ ಅವಧಿ 40 ವಾರ. ಅಂದರೆ 10 ವಾರ ಮೊದಲೇ. ಒಂಬತ್ತು ತಿಂಗಳಿಂದ ಆ ಎರಡೂವರೆ ತಿಂಗಳು ಕಳೆಯಿರಿ, ಆರೂವರೆ ಉಳಿಯುತ್ತೆ. ವೈದ್ಯರು ಇದನ್ನು 'ಕರೆಕ್ಟೆಡ್ ಏಜ್' ಅಂತಾರೆ. 37 ವಾರ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ಸಾಮಾನ್ಯವಾಗಿ ಎರಡು ವರ್ಷದವರೆಗೆ ಈ ವಯಸ್ಸಿನಲ್ಲೇ ಅಳೆಯುತ್ತಾರೆ. ತಿಂಗಳು ತುಂಬಿ ಹುಟ್ಟಿದ ಮಕ್ಕಳಿಗೆ ಮೊದಲ ಹಲ್ಲು ಬರುವುದು ಸುಮಾರು ಆರು ತಿಂಗಳಿಗೆ. ಕೆಲವರಿಗೆ ನಾಲ್ಕಕ್ಕೇ ಬರುತ್ತೆ, ಕೆಲವರಿಗೆ ವರ್ಷ ಹಿಡಿಯುತ್ತೆ. ಆ ಲೆಕ್ಕದಲ್ಲಿ ಅಕ್ಕನ ಮಗಳು ತಡವೇ ಮಾಡಿಲ್ಲ.

ಕಾರಣ ಸರಳ. ಹಾಲುಹಲ್ಲು ಗಟ್ಟಿಯಾಗಲು ಶುರುವಾಗುವುದು ಗರ್ಭದಲ್ಲೇ, ಸುಮಾರು 14ನೇ ವಾರದ ಹೊತ್ತಿಗೆ. ಹೆರಿಗೆ ಬೇಗ ಆಯ್ತು ಅಂತ ಹಲ್ಲು ಅವಸರ ಮಾಡಲ್ಲ. ನಾನು ಕೋಡ್ ಬರೆಯುತ್ತಿದ್ದ ದಿನಗಳಲ್ಲಿ ಇಂಥ ಬಗ್‌ಗಳನ್ನು ಎಷ್ಟೋ ನೋಡಿದ್ದೆ: ಸಿಸ್ಟಮ್ ಸರಿಯಾಗೇ ಇರುತ್ತಿತ್ತು, ನಾವು ಟೈಮರ್ ಶುರು ಮಾಡಿದ ಜಾಗ ತಪ್ಪಾಗಿರುತ್ತಿತ್ತು.

ಹಾಗಂತ ಎಲ್ಲವನ್ನೂ ಕಳೆಯುವ ಲೆಕ್ಕಕ್ಕೆ ಬಿಡುವಂತಿಲ್ಲ. ತೀರಾ ಕಡಿಮೆ ತೂಕದ ಮಕ್ಕಳು, ಬಾಯಿಯ ಮೂಲಕ ಕೊಳವೆ ಹಾಕಿ ಬಹಳ ದಿನ ವೆಂಟಿಲೇಟರ್‌ನಲ್ಲಿದ್ದವರು, ಪೋಷಣೆ ಸಿಗದವರು, ಇವರಿಗೆ ಹಲ್ಲು ನಿಜಕ್ಕೂ ತಡವಾಗಬಹುದು. ಮೂಳೆ, ಹಲ್ಲಿಗೆ ಬೇಕಾದ ಕ್ಯಾಲ್ಸಿಯಂ, ರಂಜಕದ ಹೆಚ್ಚಿನ ಪಾಲು ತಾಯಿಯಿಂದ ಮಗುವಿಗೆ ಹೋಗುವುದು ಕೊನೆಯ ಮೂರು ತಿಂಗಳಲ್ಲಿ. ಅದು ತಪ್ಪಿದ್ದರಿಂದ ಈ ಮಕ್ಕಳಲ್ಲಿ ಹಲ್ಲಿನ ಎನಾಮಲ್ ತೆಳುವಾಗಿರುವ, ಕಲೆ ಇರುವ ಸಂಭವ ಜಾಸ್ತಿ. ಅಂಥ ಹಲ್ಲು ಬೇಗ ಹುಳುಕಾಗುತ್ತೆ. ಆದ್ದರಿಂದ ಹಲ್ಲು ಯಾವಾಗ ಬಂತು ಅನ್ನುವುದಕ್ಕಿಂತ ಹೇಗೆ ಬಂತು ಅಂತ ನೋಡಿ. ಮೊದಲ ಹಲ್ಲು ಕಂಡ ದಿನದಿಂದಲೇ ಒರೆಸಿ ಸ್ವಚ್ಛ ಮಾಡಿ, ವರ್ಷದ ಹೊತ್ತಿಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ. ಇನ್ನೊಂದು ಮಾತು: ಲಸಿಕೆಗೆ ಈ ಕಳೆಯುವ ಲೆಕ್ಕ ಹಾಕಬೇಡಿ. ಅದನ್ನು ಹುಟ್ಟಿದ ದಿನದಿಂದಲೇ ಎಣಿಸಬೇಕು.

ಇದು ಒಂದು ಮನೆಯ ಕಥೆಯಲ್ಲ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಮಕ್ಕಳು ಅವಧಿಗೆ ಮೊದಲೇ ಹುಟ್ಟಿದರು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ 30 ಲಕ್ಷ ಭಾರತದ್ದೇ, ಯಾವ ದೇಶಕ್ಕಿಂತಲೂ ಹೆಚ್ಚು.

ಆದರೆ ನಮ್ಮ ಕಾನೂನಿಗೆ ಗೊತ್ತಿರುವುದು ಒಂದೇ ಕ್ಯಾಲೆಂಡರ್. 2017ರ ತಿದ್ದುಪಡಿ 26 ವಾರಗಳ ಹೆರಿಗೆ ರಜೆ ಕೊಟ್ಟಿತು, ಒಳ್ಳೆಯದೇ. ಬೇಗ ಹೆರಿಗೆಯಾಗಿ ತಾಯಿಗೆ ಕಾಯಿಲೆಯಾದರೆ ಇನ್ನೊಂದು ತಿಂಗಳವರೆಗೆ ಸಿಗಬಹುದು. ಮಗು ಎನ್‌ಐಸಿಯುನಲ್ಲಿದೆ ಅನ್ನುವ ಕಾರಣಕ್ಕೆ ಮಾತ್ರ ದಿನ ಸೇರಲ್ಲ. ಅಕ್ಕ 26 ವಾರ ಮುಗಿಸಿ ಕೆಲಸಕ್ಕೆ ಮರಳಿದಾಗ ಮಗುವಿನ ಕರೆಕ್ಟೆಡ್ ಏಜ್ 16 ವಾರ, ನಾಲ್ಕು ತಿಂಗಳೂ ಆಗಿರಲಿಲ್ಲ. ಬ್ರಿಟನ್‌ನಲ್ಲಿ 2025ರ ಏಪ್ರಿಲ್‌ನಿಂದ, ನವಜಾತ ಶಿಶು ಆಸ್ಪತ್ರೆಯಲ್ಲಿದ್ದರೆ ತಂದೆತಾಯಿಗೆ 12 ವಾರಗಳವರೆಗೆ ಪ್ರತ್ಯೇಕ ರಜೆ ಇದೆ. ಇಲ್ಲಿ ಆ ಬೇಡಿಕೆ ಯಾವ ಪಕ್ಷದ ಪ್ರಣಾಳಿಕೆಗೆ ಬರುತ್ತೆ? ಇನ್ನು ಗದ್ದೆ, ಕಟ್ಟಡ, ಮನೆಗೆಲಸಕ್ಕೆ ಹೋಗುವ ತಾಯಂದಿರಿಗೆ ಆ 26 ವಾರವೇ ಕನಸು.

ಹತ್ತನೇ ತಿಂಗಳ ಕೊನೆಗೆ ಕೆಳಗಿನ ವಸಡಿನಲ್ಲಿ ಒಂದು ಬಿಳಿ ಗೆರೆ ಕಂಡಿತು. ಅಕ್ಕ ವಿಡಿಯೋ ಕಾಲ್ ಮಾಡಿ ತೋರಿಸಿದಳು, ನನಗೆ ಕಂಡಿದ್ದು ಜೊಲ್ಲು ಮಾತ್ರ.

ನೀವೂ ಯಾವುದಾದರೂ ಮನೆಗೆ ಮಗು ನೋಡಲು ಹೋಗ್ತೀರಿ. "ಹಲ್ಲು ಬಂತಾ?" ಅಂತ ಕೇಳುವ ಮುಂಚೆ ಮಗು ಎಷ್ಟನೇ ವಾರಕ್ಕೆ ಹುಟ್ಟಿದ್ದು ಅಂತ ಕೇಳಿ. ತಾಯಿಗೆ ರಜೆ ಎಷ್ಟು ದಿನ ಉಳಿದಿದೆ ಅಂತಲೂ ಕೇಳಿ.